ಬಂದೆ ಅಂತ ಮೊದಲು ಬ್ಯಾಂಕಿಗೆ ಹೇಳು

ಪ್ರೀತಿಯ ಅಳಿಯನಿಗೆ,

ಕುವೈತಿನ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಊರಿಗೇ ಬಂದುಬಿಡುತ್ತೇನೆ ಎಂದು ನೀನು ಹೇಳಿದ ದಿನದಿಂದ ನಿನ್ನ ಅಮ್ಮನ ನಡಿಗೆಯೇ ಬದಲಾಗಿದೆ. ಅಕ್ಕನನ್ನು ಇಷ್ಟು ಖುಷಿಯಾಗಿ ನಾನು ನೋಡಿ ಬಹಳ ಕಾಲವಾಯಿತು. ನೀನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮಾವ, ಬಂದ ಮೇಲೆ ಯಾವ ಬ್ಯಾಂಕಿನಲ್ಲಿ ಖಾತೆ ತೆರೆಯಲಿ?" ಸೇವೆಯ ಅಷ್ಟೂ ವರ್ಷ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತವನು ನಾನು. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ಹೊಸ ಖಾತೆ ತೆರೆಯುವುದು ಆಮೇಲಿನ ಕೆಲಸ ಮಾರಾಯ. ನಾನು ಮರಳಿ ಬಂದಿದ್ದೇನೆ, ಇನ್ನು ಇಲ್ಲೇ ಇರುತ್ತೇನೆ ಎಂದು ಈಗಾಗಲೇ ನಿನ್ನ ಖಾತೆ ಇರುವ ಬ್ಯಾಂಕಿಗೆ ಹೇಳುವುದು ಮೊದಲನೆಯ ಕೆಲಸ. ಗಲ್ಫಿನಿಂದ ಬಂದವರಲ್ಲಿ ಎಷ್ಟೋ ಜನ ಮಾಡದೆ ಬಿಡುವುದು ಇದೊಂದನ್ನೇ. ಪೇಟೆಯಲ್ಲಿ ಅಂಗಡಿ ಹಾಕಿರುತ್ತಾರೆ, ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿರುತ್ತಾರೆ, ತೋಟಕ್ಕೆ ಹನಿ ನೀರಾವರಿ ಮಾಡಿಸಿರುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಅವರು ಇನ್ನೂ ಕುವೈತಿನಲ್ಲೋ ದುಬೈಯಲ್ಲೋ ಇದ್ದಾರೆ. ಕಾರಣ ಏನೆಂದು ನಿನಗೂ ಗೊತ್ತು. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಇಲ್ಲ. ಸುಮ್ಮನಿದ್ದರೆ ಯಾರು ಕೇಳುತ್ತಾರೆ ಎಂಬ ಧೈರ್ಯ.

ಆ ಧೈರ್ಯ ನಿನಗೆ ಬೇಡ. ಎನ್‌ಆರ್‌ಇ ಖಾತೆ ವಿದೇಶದಲ್ಲಿ ನೆಲೆಸಿದವರಿಗೆ ಇರುವ ಸೌಲಭ್ಯ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಎಲ್ಲರೂ ಫೆಮಾ ಅನ್ನುತ್ತಾರಲ್ಲ, ಅದರ ಪ್ರಕಾರ ಇಲ್ಲಿ ಕೆಲಸ, ವ್ಯಾಪಾರ ಮಾಡಲೆಂದೋ ಇಲ್ಲೇ ನೆಲೆಸಲೆಂದೋ ನೀನು ಬಂದರೆ ತಡಮಾಡದೆ ಆ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಸ್ಥಿತಿ ಬದಲಾದ ದಿನದಿಂದ ಬಡ್ಡಿಗೆ ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ. ಫೆಮಾ ಉಲ್ಲಂಘನೆಗೆ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕುವ ಅವಕಾಶ ಕಾಯ್ದೆಯಲ್ಲೇ ಇದೆ. ದಂಡದ ಮಾತು ಹಾಗಿರಲಿ, ನಾಳೆ ಮನೆ ಸಾಲಕ್ಕೋ ಜಾಗದ ನೋಂದಣಿಗೋ ಹೋದಾಗ ಆಧಾರ್ ಒಂದು ಕಥೆ, ಖಾತೆ ಇನ್ನೊಂದು ಕಥೆ ಹೇಳುತ್ತಿದ್ದರೆ ವಿವರಣೆ ಕೊಡುತ್ತಾ ನಿಲ್ಲಬೇಕಾದವನು ನೀನು. ನೀನು ಬೆವರು ಸುರಿಸಿ ದುಡಿದ ದುಡ್ಡು ಅದು. ಅದರ ಬಗ್ಗೆ ತಲೆ ತಗ್ಗಿಸಿ ಮಾತಾಡುವ ಪ್ರಸಂಗ ಯಾಕೆ ಬರಬೇಕು?

ಇದರಿಂದ ದೊಡ್ಡ ನಷ್ಟವೂ ಇಲ್ಲ. ನಿನ್ನ ಎನ್‌ಆರ್‌ಇ ಎಫ್‌ಡಿಯನ್ನು ಮುರಿಯಬೇಕಾಗಿಲ್ಲ. ನಿವಾಸಿ ಠೇವಣಿ ಎಂದು ಹೆಸರು ಬದಲಾದರೂ ಅವಧಿ ಮುಗಿಯುವತನಕ ಇಟ್ಟುಕೊಂಡರೆ ಮೊದಲು ಒಪ್ಪಿದ ಬಡ್ಡಿದರವೇ ಸಿಗುತ್ತದೆ. ಡಾಲರಿನಲ್ಲಿ ಎಫ್‌ಸಿಎನ್‌ಆರ್ ಠೇವಣಿ ಇಟ್ಟಿದ್ದೀಯಲ್ಲ, ಅದನ್ನೂ ಅವಧಿ ಮುಗಿಯುವವರೆಗೆ ಹಾಗೇ ಬಿಡಬಹುದು. ಬಾಡಿಗೆ ಬರುತ್ತಿದ್ದ ಎನ್‌ಆರ್‌ಒ ಖಾತೆಯಂತೂ ಬದಲಾದರೆ ಲಾಭವೇ. ಅದರ ಬಡ್ಡಿಯ ಮೇಲೆ ಇಷ್ಟು ದಿನ ನೂರಕ್ಕೆ 30ಕ್ಕಿಂತ ಹೆಚ್ಚು ಟಿಡಿಎಸ್ ಮುರಿಯುತ್ತಿದ್ದರು. ನಿವಾಸಿಯಾದ ಮೇಲೆ ಠೇವಣಿ ಬಡ್ಡಿಗೆ ಅದು ನೂರಕ್ಕೆ 10, ಅದೂ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂಪಾಯಿ ದಾಟಿದರೆ ಮಾತ್ರ.

ಮಗಳು ಮುಂದೆ ಹೊರಗೆ ಓದಲು ಹೋಗುತ್ತಾಳೆ ಎಂದಿದ್ದೆ. ಹಾಗಿದ್ದರೆ ಆರ್‌ಎಫ್‌ಸಿ ಖಾತೆಯನ್ನು ಕೇಳಿ ನೋಡು. ಮರಳಿ ಬಂದವರಿಗೆಂದೇ ಇರುವ ವಿದೇಶಿ ಕರೆನ್ಸಿ ಖಾತೆ ಇದು. ಎನ್‌ಆರ್‌ಇ, ಎಫ್‌ಸಿಎನ್‌ಆರ್ ದುಡ್ಡನ್ನು, ಕೆಲಸ ಬಿಡುವಾಗ ಕಂಪನಿ ಕೊಡುವ ಸರ್ವಿಸ್ ದುಡ್ಡನ್ನು ಇದಕ್ಕೆ ಹಾಕಬಹುದು, ಬೇಕಾದಾಗ ಹೊರದೇಶಕ್ಕೆ ಅಡ್ಡಿಯಿಲ್ಲದೆ ಕಳಿಸಬಹುದು. ಡಾಲರ್, ಪೌಂಡ್, ಯೂರೋದಂಥ ಕರೆನ್ಸಿಗಳಲ್ಲಿ ತೆರೆಯುತ್ತಾರೆ. ಸಣ್ಣ ಶಾಖೆಯಲ್ಲಿ ಇದರ ಹೆಸರನ್ನೇ ಕೇಳದವರು ಸಿಕ್ಕರೆ ಬೇಸರ ಮಾಡಿಕೊಳ್ಳಬೇಡ, ವಿದೇಶಿ ವಿನಿಮಯದ ವಿಭಾಗ ಇರುವ ಶಾಖೆ ಯಾವುದೆಂದು ಕೇಳಿ ಅಲ್ಲಿಗೆ ಹೋಗು.

ತೆರಿಗೆಯವರ ಲೆಕ್ಕವೇ ಬೇರೆ. ಬ್ಯಾಂಕು ನೀನು ಯಾಕೆ ಬಂದೆ ಎಂದು ನೋಡುತ್ತದೆ, ತೆರಿಗೆ ಇಲಾಖೆ ಎಷ್ಟು ದಿನ ಇದ್ದೆ ಎಂದು ಎಣಿಸುತ್ತದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನಿಗೆ ಬಂದ ಹೊಸದರಲ್ಲಿ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ವಿದೇಶದಲ್ಲೇ ಹುಟ್ಟಿದ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳನ್ನೆಲ್ಲ ಹಿಡಿದುಕೊಂಡು ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಒಮ್ಮೆ ಕೂತು ದಿನಗಳ ಲೆಕ್ಕ ಹಾಕಿಸು. ಅವರ ಶುಲ್ಕಕ್ಕೆ ಕೈ ಬಿಗಿ ಹಿಡಿಯಬೇಡ. ಕುವೈತಿನಲ್ಲಿ ಖಾತೆ ಉಳಿಸಿಕೊಂಡರೂ ತಪ್ಪಿಲ್ಲ, ಅಲ್ಲಿದ್ದಾಗ ಗಳಿಸಿದ್ದನ್ನು ಇಟ್ಟುಕೊಳ್ಳಲು ಫೆಮಾವೇ ಒಪ್ಪುತ್ತದೆ. ಆದರೆ ಪೂರ್ಣ ನಿವಾಸಿಯಾದ ವರ್ಷದಿಂದ ರಿಟರ್ನಿನಲ್ಲಿ ಅದನ್ನು ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯ ಕೆಳಗೆ 10 ಲಕ್ಷ ರೂಪಾಯಿಯ ದಂಡದವರೆಗೆ ಹೋಗಬಹುದು.

ವಿಮಾನ ಹತ್ತುವ ಮೊದಲು ಅಲ್ಲಿ ಮಾಡಿ ಮುಗಿಸಬೇಕಾದ್ದೂ ಇದೆ. ಅಲ್ಲಿ ವಾಸಕ್ಕೆ ಕೊಡುವ ಅಕಾಮಾ ರದ್ದಾಯಿತೋ ಸಿವಿಲ್ ಐಡಿಯ ಜೀವ ಹೋಯಿತು, ಸಿವಿಲ್ ಐಡಿ ಹೋದರೆ ಅಲ್ಲಿಯ ಖಾತೆಗೂ ತಡೆ ಬೀಳುತ್ತದೆ. ಆದ್ದರಿಂದ ಸರ್ವಿಸ್ ದುಡ್ಡು ಕೈಗೆ ಬಂದ ಕೂಡಲೇ ಇಲ್ಲಿಗೆ ಕಳಿಸಿಬಿಡು. ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿ, ಯಾವ ಸಾಲವೂ ಉಳಿದಿಲ್ಲ ಎಂದು ಬ್ಯಾಂಕಿನ ಮುದ್ರೆ ಇರುವ ಪತ್ರ ತೆಗೆದುಕೋ. ಕಡೆಯ ಕೆಲವು ವರ್ಷಗಳ ಸ್ಟೇಟ್‌ಮೆಂಟ್, ಕಂಪನಿಯ ಸಂಬಳದ ಪತ್ರ, ಸರ್ವಿಸ್ ದುಡ್ಡಿನ ಲೆಕ್ಕದ ಹಾಳೆ, ಮೂರನ್ನೂ ಕಾಗದದ ಮೇಲೆ ತಾ. ಅಲ್ಲಿಯ ಮೊಬೈಲ್ ನಂಬರ್ ಸತ್ತ ಮೇಲೆ ಅದಕ್ಕೆ ಬರುವ ಓಟಿಪಿಯೂ ಬರುವುದಿಲ್ಲ, ಆಗ ಆ ಬ್ಯಾಂಕಿನ ಆ್ಯಪ್ ತೆರೆಯಲಾರೆ. ಈ ದುಡ್ಡು ಎಲ್ಲಿಂದ ಬಂತು ಎಂದು ಹತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಈ ಕಾಗದಗಳೇ. ನೋಟು ಕೈಯಲ್ಲಿ ತರುವುದಾದರೆ 5,000 ಡಾಲರಿಗೆ ಸಮನಾದ ಮೊತ್ತ ದಾಟಿತೋ, ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಘೋಷಣೆ ಕೊಟ್ಟು ಅದರ ಪ್ರತಿ ಇಟ್ಟುಕೋ.

ಈಗ ನಿನ್ನ ಹಳೆಯ ಪಾಸ್‌ಬುಕ್ಕಿನ ವಿಷಯ. ಅಕ್ಕನ ಕಪಾಟಿನಿಂದ ಅದನ್ನು ತೆಗೆಸಿ ನೋಡಿದೆ. ಕಾಲೇಜಿನ ಸ್ಕಾಲರ್‌ಶಿಪ್ಪಿಗೆಂದು ಸಿಂಡಿಕೇಟ್ ಬ್ಯಾಂಕಿನಲ್ಲಿ ತೆರೆದ ಖಾತೆ. ಅಂಚು ಸವೆದು ನೂಲು ಎದ್ದಿದೆ. ಒಳಗೆ ಮೀಸೆ ಮೂಡುತ್ತಿರುವ ಹುಡುಗನ ಫೋಟೊ, ಅದರ ಮೇಲೆ ಅರ್ಧ ಬಿದ್ದ ನೇರಳೆ ಮುದ್ರೆ. ಆ ಬ್ಯಾಂಕ್ ಈಗ ಇಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಲ್ಲಿ ಪಿಗ್ಮಿ ಶುರುಮಾಡಿ, ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದ ಬ್ಯಾಂಕ್ ಅದು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ನಮ್ಮ ಉಡುಪಿಯದೇ ಆದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ಈ ಹೆಸರುಗಳು ಬೋರ್ಡಿನಿಂದ ಇಳಿದದ್ದು ನಮ್ಮ ಜಿಲ್ಲೆಯವರಿಗೆ ಇವತ್ತಿಗೂ ನೋವಿನ ವಿಷಯವೇ. ಆದರೆ ದುಡ್ಡು ಎಲ್ಲೂ ಹೋಗಿಲ್ಲ, ಸೇರಿಸಿಕೊಂಡ ಬ್ಯಾಂಕಿನ ಲೆಕ್ಕದಲ್ಲೇ ಇದೆ. ಬದಲಾದದ್ದು ಐಎಫ್‌ಎಸ್‌ಸಿ. ಸಿಂಡಿಕೇಟಿನದು ಎಸ್‌ವೈಎನ್‌ಬಿ ಎಂದು ಶುರುವಾಗುತ್ತಿತ್ತು, ಈಗ ಸಿಎನ್‌ಆರ್‌ಬಿ. ಹಳೆಯ ಸಂಖ್ಯೆ ಕೊಟ್ಟು ಅಲ್ಲಿಂದ ದುಡ್ಡು ಕಳಿಸಬೇಡ, ಹಳೆಯ ಚೆಕ್ ಪುಸ್ತಕವನ್ನು ಯಾರಿಗೂ ಬರೆದುಕೊಡಬೇಡ.

ಹೊಸ ಖಾತೆಗಿಂತ ಮೊದಲು ಈ ಹಳೆಯ ಖಾತೆಯನ್ನು ಎಬ್ಬಿಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಎರಡು ವರ್ಷ ಗ್ರಾಹಕನ ವ್ಯವಹಾರವೇ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಎಂದಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಅದರಲ್ಲಿದ್ದ ಮೊತ್ತ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋದರೂ ನಿನ್ನ ಹಕ್ಕು ಹೋಗುವುದಿಲ್ಲ, ಬ್ಯಾಂಕಿಗೆ ಅರ್ಜಿ ಕೊಟ್ಟರೆ ವಾಪಸ್ ಬರುತ್ತದೆ. ನಿಷ್ಕ್ರಿಯ ಖಾತೆಯನ್ನು ಎಬ್ಬಿಸಲು ಶುಲ್ಕ ಕೇಳುವಂತಿಲ್ಲ, ಕನಿಷ್ಠ ಮೊತ್ತ ಇರಲಿಲ್ಲ ಎಂದು ದಂಡ ಹಾಕುವಂತೆಯೂ ಇಲ್ಲ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಆದೇಶ ಅದು. ನಿನ್ನ ಅಪ್ಪ ಬೇರೆ ಎಲ್ಲಾದರೂ ಖಾತೆ ಇಟ್ಟಿದ್ದರೋ ಎಂಬ ಅನುಮಾನ ಅಕ್ಕನಿಗೆ ಮೊದಲಿಂದಲೂ ಇದೆ. 2023ರಲ್ಲಿ ರಿಸರ್ವ್ ಬ್ಯಾಂಕ್ ತೆರೆದ 'ಉದ್ಗಮ್' ಜಾಲತಾಣದಲ್ಲಿ ಭಾವನ ಹೆಸರು, ಪಾನ್ ಹಾಕಿ ಹುಡುಕೋಣ.

ಒಂದು ಎಚ್ಚರ. ನೀನು ವಿದೇಶಕ್ಕೆ ಹೋದಾಗ ಆ ಸ್ಕಾಲರ್‌ಶಿಪ್ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕಿತ್ತು. ಮಾಡಿಸಿಲ್ಲ ಎಂದು ಪಾಸ್‌ಬುಕ್ಕೇ ಹೇಳುತ್ತಿದೆ. ಮ್ಯಾನೇಜರ್ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ಜೊತೆಗೆ, ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಇನ್ನೂ ನಿನ್ನದೇ ಎಂದು ತಿಳಿದಿರಬೇಡ. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪನಿಗಳು ಇನ್ನೊಬ್ಬರಿಗೆ ಕೊಡುತ್ತವೆ. ನಿನ್ನ ಖಾತೆಯ ಓಟಿಪಿ ಯಾರದೋ ಜೇಬಿನಲ್ಲಿ ಗುಣುಗುಡುತ್ತಿರಬಹುದು. ಊರಿಗೆ ಕಾಲಿಟ್ಟ ದಿನವೇ ನಿನ್ನ ಹೆಸರಿನಲ್ಲಿ ಸಿಮ್ ತೆಗೆದುಕೊಂಡು, ಆಧಾರ್‌ಗೆ, ಆಮೇಲೆ ಬ್ಯಾಂಕಿಗೆ ಆ ನಂಬರ್ ಕೊಡು. ಸಹಿಯೂ ಹಾಗೆಯೇ. ಇಪ್ಪತ್ತರ ವಯಸ್ಸಿನಲ್ಲಿ ಕನ್ನಡದಲ್ಲಿ ಪೂರ್ಣ ಹೆಸರು ಬರೆದು ಸಹಿ ಮಾಡಿದ್ದೀ. ಈಗಿನ ನಿನ್ನ ಸಹಿ ಎರಡು ಗೀಟು. ಹೊಸ ಮಾದರಿ ಸಹಿಯನ್ನು ಅದೇ ದಿನ ಕೊಡು.

ಇನ್ನು ನಿನ್ನ ಹೆಂಡತಿಯ ವಿಷಯ. ಈ ಪತ್ರ ಬರೆಯಲು ಅರ್ಧ ಕಾರಣ ಇದೇ. ಇಷ್ಟೂ ವರ್ಷ ಅವಳು ಅಲ್ಲಿ ಫ್ಯಾಮಿಲಿ ವೀಸಾದ ಮೇಲೆ ಇದ್ದವಳು. ಮಕ್ಕಳನ್ನು ಬೆಳೆಸಿದಳು, ನಿನ್ನ ರಾತ್ರಿ ಪಾಳಿಗಳನ್ನು ಸಂಭಾಳಿಸಿದಳು, ಉಳಿತಾಯದ ಒಂದೊಂದು ದಿನಾರೂ ಅವಳ ಕೈಹಿಡಿತದಿಂದ ಉಳಿದದ್ದು. ಆದರೂ ಅವಳ ಒಬ್ಬಳ ಹೆಸರಿನಲ್ಲಿ ಒಂದು ಖಾತೆ ಇಲ್ಲ. ಮೊದಲ ದಿನವೇ ಅವಳದೇ ಉಳಿತಾಯ ಖಾತೆ ತೆರೆಸು. ಜಂಟಿ ಖಾತೆ ಬೇಕು, 'ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು' ಎಂಬ ಒಪ್ಪಂದದಲ್ಲಿ ಅದನ್ನೂ ಮಾಡಿ. ಅವಳದೇ ಖಾತೆಯ ಜಾಗವನ್ನು ಅದು ತುಂಬುವುದಿಲ್ಲ. ಎಟಿಎಂ ಕಾರ್ಡ್ ಅವಳ ಪರ್ಸಿನಲ್ಲಿರಲಿ, ಪಿನ್ ಅವಳೇ ಇಡಲಿ, ಆ್ಯಪ್ ಅವಳ ಫೋನಿನಲ್ಲಿರಲಿ. ಗಂಡ ತೀರಿಕೊಂಡ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದೆ, ಅಣ್ಣನನ್ನೋ ಮೈದುನನನ್ನೋ ಜೊತೆಗೆ ಕರೆದುಕೊಂಡು ಕೌಂಟರಿನ ಮುಂದೆ ನಿಂತ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಮನೆಯ ಸೊಸೆಗೆ ಆ ಸ್ಥಿತಿ ಬೇಡ.

ಅವಳ ದಾಖಲೆಗಳಲ್ಲಿ ಒಂದು ತೊಡಕಿದೆ, ಕಳೆದ ರಜೆಯಲ್ಲಿ ಬಂದಾಗ ನೋಡಿದ್ದೆ. ಪಾನ್ ಕಾರ್ಡಿನಲ್ಲಿ ಹೆಸರಿನ ಮುಂದೆ ತವರಿನ ಇನಿಷಿಯಲ್. ಆಧಾರಿನಲ್ಲಿ ಬರೀ ಹೆಸರು, ಅಪ್ಪನ ಮನೆ ವಿಳಾಸ. ಪಾಸ್‌ಪೋರ್ಟಿನಲ್ಲಿ ಹೆಸರಿನ ಹಿಂದೆ ನಿನ್ನ ಹೆಸರು. ಮೂರು ಕಾರ್ಡು ಮೇಜಿನ ಮೇಲಿಟ್ಟರೆ ಮೂವರು ಬೇರೆ ಬೇರೆ ಹೆಂಗಸರು ಎಂದು ಕಂಪ್ಯೂಟರ್ ಹೇಳುತ್ತದೆ. ಗುಮಾಸ್ತನ ಮೇಲೆ ರೇಗಿ ಪ್ರಯೋಜನವಿಲ್ಲ. ಪಾಸ್‌ಪೋರ್ಟಿನ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡು ಮೊದಲು ಆಧಾರ್ ತಿದ್ದಿಸಿ, ವಿಳಾಸವನ್ನೂ ಅದರ ಜೊತೆಗೇ ಹೊಸ ಮನೆಗೆ ಬದಲಾಯಿಸಿ, ಅದರ ಮೇಲೆ ಪಾನ್ ತಿದ್ದಿಸಿ, ಕೊನೆಗೆ ಎರಡನ್ನೂ ಜೋಡಿಸಿ. ಈ ಸರದಿ ತಪ್ಪಿಸಿದರೆ ಜೋಡಣೆ ಆಗುವುದಿಲ್ಲ, ಜೋಡಣೆಯಾಗದ ಪಾನ್ ನಿವಾಸಿಗಳಿಗೆ ನಿಷ್ಕ್ರಿಯವಾಗುತ್ತದೆ. ನಿನ್ನ ಪಾನ್ ಕೂಡ ಒಮ್ಮೆ ನೋಡಿಕೋ. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇತ್ತು, ಇಲ್ಲೇ ನೆಲೆಸಿದ ಮೇಲೆ ಆ ಮಾತು ನಡೆಯುವುದಿಲ್ಲ. ಮಕ್ಕಳಿಗೆ ಆಧಾರ್ ಆಗಿಲ್ಲವಲ್ಲ, ಭಾರತದ ಪಾಸ್‌ಪೋರ್ಟ್ ಇರುವುದರಿಂದ ಆರು ತಿಂಗಳು ಕಾಯಬೇಕಾಗಿಲ್ಲ, ಬಂದ ವಾರವೇ ಮಾಡಿಸಬಹುದು.

ಹೊಸ ವಿಳಾಸಕ್ಕೆ ಆಧಾರ್ ಬರುವತನಕ ಖಾತೆ ನಿಲ್ಲಬೇಕಾಗಿಲ್ಲ. ಎರಡು ತಿಂಗಳಿಗಿಂತ ಹಳೆಯದಲ್ಲದ ಮೆಸ್ಕಾಂ ಬಿಲ್ಲೋ, ಮನೆ ತೆರಿಗೆಯ ರಸೀದಿಯೋ ಕೊಟ್ಟು ಮೂರು ತಿಂಗಳೊಳಗೆ ತಿದ್ದಿದ ದಾಖಲೆ ಒದಗಿಸುತ್ತೇನೆ ಎಂದರೆ ಒಪ್ಪಬೇಕೆಂದು ನಿಯಮ. ಬ್ಯಾಂಕಿನ ಅರ್ಜಿಗಳನ್ನು ಕನ್ನಡದಲ್ಲಿಯೂ ಇಡಬೇಕು, ಅದೂ ನಿಯಮವೇ. ವಿಲೀನದ ನಂತರ ದೂರದ ರಾಜ್ಯಗಳ ಹುಡುಗರು ಕೌಂಟರಿಗೆ ಬಂದಿದ್ದಾರೆ, ಪಾಪ ಅವರೂ ಮನೆ ಬಿಟ್ಟು ಬಂದವರೇ. ಸಮಾಧಾನದಲ್ಲಿ ಮಾತಾಡು, ಆದರೆ ನಿನ್ನ ಅಮ್ಮನಿಗೆ ಓದಲು ಬರುವ ಅರ್ಜಿಯನ್ನೇ ಕೇಳು.

ದೊಡ್ಡ ಮೊತ್ತ ಖಾತೆಗೆ ಬಂದ ಸುದ್ದಿ ಗಾಳಿಯಲ್ಲಿ ಹೋಗುತ್ತದೆ. ಬ್ಯಾಂಕಿನ ಒಳಗೇ ಒಬ್ಬರು ಕುರ್ಚಿ ಎಳೆದು ಕೂರಿಸಿ ವಿಮೆ ಪಾಲಿಸಿ ತೋರಿಸುತ್ತಾರೆ. ಖಾತೆ ತೆರೆಯುವ ಕಾಗದಗಳ ನಡುವೆ ಅದರ ಅರ್ಜಿಯೂ ಇದೆಯೋ ನೋಡಿಕೊಂಡು ಸಹಿ ಮಾಡು. ಖಾತೆ ಬೇಕಾದರೆ ಪಾಲಿಸಿ ತೆಗೆದುಕೊಳ್ಳಲೇಬೇಕು ಎಂಬುದಿಲ್ಲ. ಈಗಾಗಲೇ ಸಹಿ ಹಾಕಿದ್ದರೂ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂತಿರುಗಿಸಬಹುದು.

ಅದಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರುವುದು ನೆಂಟರ, ಪರಿಚಯದವರ ಮಾತಿನ ಬಗ್ಗೆ. ಬ್ಯಾಂಕಿಗಿಂತ ಎರಡು ಮೂರು ಪರ್ಸೆಂಟ್ ಬಡ್ಡಿ ಜಾಸ್ತಿ, ನಮ್ಮವರೇ ನಿರ್ದೇಶಕರು, ನಮ್ಮ ಸೊಸೈಟಿಯಲ್ಲಿ ಹಾಕು ಎಂದು ಮನೆಗೇ ಬರುತ್ತಾರೆ. ಸೌಹಾರ್ದ, ಪತ್ತಿನ ಸಹಕಾರಿ ಸಂಘಗಳನ್ನು ನಾನು ಹಳಿಯುವವನಲ್ಲ. ಪ್ರಾಮಾಣಿಕವಾಗಿ ನಡೆಯುವ ಎಷ್ಟೋ ಸಂಘಗಳು ನಮ್ಮ ಜಿಲ್ಲೆಯ ಸಣ್ಣ ವ್ಯಾಪಾರಿಗಳನ್ನು ನಿಲ್ಲಿಸಿವೆ. ಆದರೆ ಲೆಕ್ಕ ಸ್ಪಷ್ಟವಾಗಿರಲಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳ ಮೊತ್ತವೂ ಒಟ್ಟಾಗಿ ಲೆಕ್ಕ. ಸೊಸೈಟಿಯ ಠೇವಣಿಗೆ ಆ ವಿಮೆ ಇಲ್ಲ. ಅಲ್ಲಿ ಎಡವಿದರೆ ಸಭೆ, ತನಿಖೆ, ನ್ಯಾಯಾಲಯ ಎಂದು ಓಡಾಡಬೇಕು. ಗಲ್ಫಿನಲ್ಲಿ ಆಯುಷ್ಯ ಸವೆಸಿ ತಂದ ದುಡ್ಡನ್ನು ಹೆಚ್ಚಿನ ಬಡ್ಡಿಯ ಆಸೆಗೆ ಒಂದೇ ಕಡೆ ಹಾಕಿ, ಈಗ ಆ ಮೆಟ್ಟಿಲು ಹತ್ತಿ ಇಳಿಯುತ್ತಿರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಾಕ್ಷಿಣ್ಯಕ್ಕೆ ಬಸಿರಾಗುವ ಕೆಲಸ ಮಾಡಬೇಡ. ಕೊಡಲೇಬೇಕೆನಿಸಿದರೆ, ಹೋದರೂ ಮನೆ ನಡೆಯುತ್ತದೆ ಎನ್ನುವಷ್ಟು ಮಾತ್ರ. ಇಲ್ಲ ಎನ್ನಲು ಬಾಯಿ ಬಾರದಿದ್ದರೆ ನನ್ನ ಹೆಸರು ಹೇಳು, ಮಾವ ಬೇಡ ಅಂದರು ಅಂತ.

ನಿನ್ನ ಖಾತೆಯನ್ನು ಇನ್ನೊಬ್ಬರ ದುಡ್ಡು ಹಾದುಹೋಗಲು ಕೊಡಬೇಡ. ಎರಡು ದಿನಕ್ಕೆ ನಿನ್ನ ಖಾತೆಗೆ ಹಾಕುತ್ತೇನೆ, ತೆಗೆದುಕೊಡು ಎಂದು ಅಲ್ಲಿಯ ಗೆಳೆಯ ಕೇಳಿದರೂ ಬೇಡ. ವಂಚನೆಯ ಹಣ ಹಾಗೇ ಸಾಗುವುದು, ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ನಿನ್ನ ಖಾತೆಯಿಂದಲೇ ಯಾರಾದರೂ ಮೋಸದಿಂದ ಹಣ ಎಳೆದರೆ ತಕ್ಷಣ 1930ಕ್ಕೆ ಫೋನ್ ಮಾಡು.

ಎಲ್ಲ ಖಾತೆಗಳಿಗೂ ನಾಮಿನಿ ಬರೆಸು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ಹೆಸರಿಸಬಹುದು. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು ಅಷ್ಟೇ, ಅದು ಯಾರಿಗೆ ಸೇರಬೇಕೆಂದು ವಾರಸು ಕಾನೂನು, ಉಯಿಲು ಹೇಳುತ್ತವೆ. ಉಯಿಲಿನ ಮಾತು ಎತ್ತಿದರೆ ಅಪಶಕುನ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ. ಅವರೊಡನೆ ನಾನು ಮಾತಾಡುತ್ತೇನೆ.

ಬ್ಯಾಂಕು ಯಾವುದಕ್ಕಾದರೂ ಸುಮ್ಮನೆ ಅಲೆದಾಡಿಸಿದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೋ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಸಹಾಯಕ್ಕೆ 14448 ಎಂಬ ನಂಬರಿದೆ.

ಕಡೆಯದಾಗಿ ಅಕ್ಕನ ಖಾತೆ. ಇಷ್ಟು ವರ್ಷ ನೀನು ತಿಂಗಳು ತಿಂಗಳು ಕಳಿಸಿದ್ದರಲ್ಲಿ ಅವಳು ಖರ್ಚು ಮಾಡಿದ್ದು ಕಡಿಮೆ, ಉಳಿದದ್ದನ್ನು ಎಫ್‌ಡಿ ಮಾಡಿದ್ದಾಳೆ. ನೀನು ಬಂದ ಮೇಲೆ ಅದನ್ನೆಲ್ಲ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ ಎನ್ನುತ್ತಿದ್ದಾಳೆ. ಒಪ್ಪಿಕೊಳ್ಳಬೇಡ. ಅವಳ ಹೆಸರಿನಲ್ಲೇ ಇರಲಿ, ಹಿರಿಯ ನಾಗರಿಕರ ಬಡ್ಡಿಯೂ ಅವಳಿಗೆ ಸಿಗುತ್ತದೆ. ಕೆವೈಸಿ ಹೊಸದು ಮಾಡಿಸಿ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಅವಳ ಕೈಗೇ ಕೊಡು.

ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು ಇರುತ್ತದೆ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಾಗಿಲೇ ತೆರೆಯುವುದಿಲ್ಲ. ಹತ್ತನೆಯ ತಾರೀಕು ಕಳೆದ ಮೇಲೆ ಒಂದು ಮಂಗಳವಾರವೋ ಬುಧವಾರವೋ ಹತ್ತೂವರೆಗೆ ಹೋಗೋಣ, ನಾನೂ ಬರುತ್ತೇನೆ. ನೀನೂ ನಿನ್ನ ಹೆಂಡತಿಯೂ ನಾಲ್ಕು ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಿಕೊಳ್ಳಿ. ಜೆರಾಕ್ಸ್ ಜೊತೆಗೆ ಮೂಲಪ್ರತಿಗಳೂ ಬೇಕು. ಬಂದುಹೋದ ಮುದ್ರೆಗಳಿರುವ ಹಳೆಯ ಪಾಸ್‌ಪೋರ್ಟನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲೇ ತಾ.

ನಿನ್ನ ಮಾವ